ಸಾಕೋ ಹಾವಿಗೆ ಟ್ಯಾಂಕ್ ತಗೊಳೋ ಮುಂಚೆ ಏನೇನ್ ನೋಡ್ಬೇಕು

ಟ್ಯಾಂಕ್ ಮೊದ್ಲು, ಹಾವು ಆಮೇಲೆ. ಉಲ್ಟಾ ಮಾಡಿದ್ರೆ ಹಾವು ಡಬ್ಬದಲ್ಲಿ ಒದ್ದಾಡ್ತಿರತ್ತೆ, ನೀವು ಅರ್ಜೆಂಟಲ್ಲಿ ಸಿಕ್ಕಿದ್ದೊಂದು ತಗೊಂಡ್ ಬರ್ತೀರ. ನಿಮ್ಮ ಕಡೆ ಆ ಜಾತಿ ಸಾಕೋಕೆ ಕಾನೂನು ಬಿಡತ್ತಾ ಅಂತನೂ ಮೊದ್ಲೇ ನೋಡ್ಕೊಳಿ.

ಸೈಜ್ ವಿಷಯದಲ್ಲಿ ಮರಿ ನೋಡಿ ಮೋಸ ಹೋಗ್ಬೇಡಿ. ಕಾರ್ನ್ ಸ್ನೇಕ್ ಅಂತ ಒಂದು ಸಾಕೋ ಹಾವಿದೆ, ಅದರ ಮರಿ ಪೆನ್ಸಿಲ್ ದಪ್ಪ ಇರತ್ತೆ, ಬೆಳೆದ್ರೆ 4-5 ಅಡಿ ಆಗತ್ತೆ. ಹಾವು ಸುರುಳಿ ಸುತ್ಕೊಂಡೇ ಇರತ್ತಲ್ಲ ಜಾಗ ಯಾಕೆ ಅಂತಾರೆ, ನಂಗೆ ಆ ಮಾತು ಸ್ವಲ್ಪನೂ ಇಷ್ಟ ಆಗಲ್ಲ, ಮೈ ಪೂರ್ತಿ ಚಾಚೋಕಾದ್ರೂ ಜಾಗ ಬೇಕಲ್ವಾ. ಕಾರ್ನ್ ಸ್ನೇಕ್‌ಗಾಗ್ಲಿ ಬಾಲ್ ಪೈಥಾನ್ ಅನ್ನೋ ಸಣ್ಣ ಹೆಬ್ಬಾವಿಗಾಗ್ಲಿ ದೊಡ್ಡದಾದ್ಮೇಲೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಇದ್ರೆ ಆರಾಮ. ಮರಿಗೆ ಚಿಕ್ಕದ್ರಲ್ಲೇ ಶುರು ಮಾಡ್ಬಹುದು, ದೊಡ್ಡದ್ರಲ್ಲೇ ಬಿಡ್ತೀನಿ ಅಂದ್ರೆ ಬಚ್ಚಿಟ್ಕೊಳೋಕೆ ಜಾಗ ಜಾಸ್ತಿ ಇಡಿ, ಖಾಲಿ ಬಯಲಲ್ಲಿ ಬಿಟ್ರೆ ಹೆದ್ರಿ ಊಟ ಬಿಡೋದೂ ಉಂಟು.

ಗ್ಲಾಸ್ ಟ್ಯಾಂಕ್ ನೋಡೋಕೆ ಚೆನ್ನಾಗಿರತ್ತೆ, ಆದ್ರೆ ಮೇಲೆ ಪೂರ್ತಿ ಜಾಲರಿ ಇದ್ರೆ ಬಿಸಿ, ತೇವ ಎರಡೂ ಅಲ್ಲಿಂದಾನೇ ಹೋಗ್ಬಿಡತ್ತೆ. ಕಾರ್ನ್ ಸ್ನೇಕ್‌ಗೆ ಹ್ಯುಮಿಡಿಟಿ, ಅಂದ್ರೆ ಗಾಳಿಲಿರೋ ತೇವ, 40-60 ಪರ್ಸೆಂಟ್ ಸಾಕು, ಅದು ಹೇಗೋ ಅಡ್ಜಸ್ಟ್ ಆಗತ್ತೆ, ಬಾಲ್ ಪೈಥಾನ್‌ಗೆ 60ರ ಮೇಲೇ ಇರ್ಬೇಕು, ಇಲ್ಲಾಂದ್ರೆ ಪೊರೆ ಒಂದೇ ಸಲಕ್ಕೆ ಬಿಡದೆ ಚೂರು ಚೂರಾಗಿ ಕಿತ್ಕೊಂಡ್ ಬರತ್ತೆ, ಕಣ್ಣಿನ ಮೇಲಿಂದು ಹಾಗೇ ಅಂಟ್ಕೊಂಡಿರತ್ತೆ. ಅದಕ್ಕೇ ಬಾಲ್ ಪೈಥಾನ್‌ಗೆ ಪಿವಿಸಿದು, ಮುಂದೆ ಬಾಗ್ಲು ಇರೋದು ತಗೊಳಿ ಅಂತೀನಿ. ಮೇಲಿಂದ ಕೈ ಹಾಕಿದ್ರೆ ಹದ್ದು ಬಂತೇನೋ ಅನ್ನೋ ತರ ಬೆಚ್ಚಿಬೀಳತ್ತೆ, ಮುಂದಿಂದ ಆದ್ರೆ ಆ ಗಲಾಟೆ ಕಮ್ಮಿ. ಮರದ್ದಾದ್ರೆ ಒಳಗೆ ಚೆನ್ನಾಗಿ ಸೀಲ್ ಮಾಡಿರ್ಬೇಕು, ಇಲ್ಲಾಂದ್ರೆ ಕೊಳೆಯತ್ತೆ.

ಈಗ ಲಾಕ್. ನಾನಾದ್ರೆ ಮೊದ್ಲು ನೋಡೋದೇ ಇದನ್ನ. ತಲೆ ತೂರಿದ್ರೆ ಹಾವು ಪೂರ್ತಿ ತೂರ್ದಂಗೆ ಲೆಕ್ಕ. ಜಾರಿಸೋ ಗ್ಲಾಸ್ ಬಾಗ್ಲಿದ್ರೆ ಎರಡು ಗ್ಲಾಸ್ ಒಂದ್ರ ಹಿಂದೆ ಒಂದು ಬರೋ ಕಡೆ ಸಣ್ಣ ಸಂದು ಇರತ್ತೆ ನೋಡಿ, ದೊಡ್ಡ ಹಾವಿಗೆ ಅದು ಲೆಕ್ಕಕ್ಕಿಲ್ಲ, ಮರಿ ಅಲ್ಲಿಂದಾನೇ ಎಸ್ಕೇಪ್. ಮುಚ್ಚಳದ್ದಾದ್ರೆ ಲಾಕ್ ಹಾಕಿ ನಾಲ್ಕೂ ಮೂಲೆ ಬೆರಳಲ್ಲಿ ಮೇಲಕ್ಕೆ ಎತ್ತಿ ನೋಡಿ, ಸ್ವಲ್ಪ ಎದ್ರೂ ಬೇಡ. ಮೇಲೆ ಪುಸ್ತಕ ಇಡ್ತೀನಿ ಅನ್ನೋದು ಲಾಕ್ ಅಲ್ಲ ಸ್ವಾಮಿ.

ಬಿಸಿ ಒಂದೇ ಕಡೆ ಇರ್ಬೇಕು, ಇನ್ನೊಂದು ಕಡೆ ತಂಪು, ಹಾವು ತನಗೆ ಬೇಕಾದಾಗ ಆ ಕಡೆ ಈ ಕಡೆ ಹೋಗತ್ತೆ. ಟ್ಯಾಂಕ್ ಉದ್ದ ಇರ್ಬೇಕು ಅನ್ನೋದು ಇದಕ್ಕೂ ಹೌದು, ಗಿಡ್ಡ ಟ್ಯಾಂಕಲ್ಲಿ ಎಲ್ಲಾ ಕಡೆ ಒಂದೇ ಬಿಸಿ ಆಗ್ಬಿಡತ್ತೆ. ಬಾಲ್ ಪೈಥಾನ್‌ಗೆ ಬಿಸಿ ಕಡೆ ಸುಮಾರು 32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25-26. ಕಾರ್ನ್ ಸ್ನೇಕ್‌ಗೆ ಇನ್ನೂ ಸ್ವಲ್ಪ ಕಮ್ಮಿ. ಹೀಟ್ ಮ್ಯಾಟ್ ಇರ್ಲಿ ಬಲ್ಬ್ ಇರ್ಲಿ, ಬಿಸಿ ಮಿತಿ ಮೀರದ ಹಾಗೆ ತಾನೇ ಕಂಟ್ರೋಲ್ ಮಾಡೋ ಥರ್ಮೋಸ್ಟಾಟ್ ಇಲ್ದೆ ಹಾಕ್ಲೇಬೇಡಿ, ಬಲ್ಬ್ ಒಳಗಿದ್ರೆ ಅದಕ್ಕೆ ಹಾವು ತಾಗದ ಹಾಗೆ ಜಾಲರಿ ಗಾರ್ಡ್ ಬೇಕು. ಹೀಟ್ ರಾಕ್ ಅಂತ ಕರೆಂಟಲ್ಲಿ ಬಿಸಿಯಾಗೋ ಕಲ್ಲು ಮಾರ್ತಾರಲ್ಲ, ಹೊಟ್ಟೆ ಸುಟ್ಕೊಳತ್ತೆ, ಅದರ ಸಹವಾಸ ಬೇಡ.

ಒಳಗೆ ಹೈಡ್, ಅಂದ್ರೆ ಬಚ್ಚಿಟ್ಕೊಳೋ ಗೂಡು, ಎರಡು, ಬಿಸಿ ಕಡೆ ಒಂದು ತಂಪು ಕಡೆ ಒಂದು, ಮೈ ಗೋಡೆಗೆ ತಾಗೋಷ್ಟು ಇಕ್ಕಟ್ಟಾಗಿರ್ಲಿ. ನೀರಿನ ಬಟ್ಟಲು ಮಗುಚದ ಹಾಗೆ ಭಾರ ಇರ್ಲಿ. ಕೆಳಗೆ ಹಾಸೋಕೆ ತೆಂಗಿನ ನಾರಿನ ಪುಡಿ ಒಳ್ಳೇದು, ಸೀಡರ್ ಮರದ ಹೊಟ್ಟು ಬೇಡ, ಹಾವಿಗೆ ವಿಷ. ಒಂದು ಟ್ಯಾಂಕಿಗೆ ಒಂದೇ ಹಾವು, ಕಿಂಗ್ ಸ್ನೇಕ್ ಆದ್ರಂತೂ ಜೊತೆಗಾರನ್ನೇ ನುಂಗತ್ತೆ.

ಎಲ್ಲಾ ಸೆಟ್ ಆದ್ಮೇಲೆ ಕೆಲವು ದಿನ ಖಾಲಿನೇ ಓಡಿಸಿ, ಪ್ರೋಬ್ (ವೈರ್ ತುದಿಲಿರೋ ಸೆನ್ಸರ್) ಇರೋ ಡಿಜಿಟಲ್ ಥರ್ಮಾಮೀಟರ್ ಎರಡೂ ಕಡೆ ಇಟ್ಟು ಮಧ್ಯಾಹ್ನ ಒಂದ್ಸಲ ಬೆಳಗಿನ ಜಾವ ಒಂದ್ಸಲ ನೋಡಿ, ರೀಡಿಂಗ್ ತೀರಾ ಏರಿಳಿತ ಇದ್ರೆ ಸರಿಯಾಗೋವರೆಗೂ ಹಾವು ತರ್ಬೇಡಿ.