ಉತ್ತರೆ ಮಳೆಗೆ ಮುನ್ನ ಮನೆಯನ್ನು ಅಣಿಗೊಳಿಸುವ ಬಗೆ

ಮಳೆಗಾಲಕ್ಕೆ ಮನೆಯನ್ನು ಅಣಿ ಮಾಡಬೇಕೆಂದು ಬಹಳಷ್ಟು ಜನ ಮೇ ತಿಂಗಳಿನಲ್ಲೇ ಮಾಳಿಗೆ ಹತ್ತುತ್ತಾರೆ. ಮಲೆನಾಡಿಗೂ ಕರಾವಳಿಗೂ ಆ ಲೆಕ್ಕ ಸರಿಯಾದದ್ದೇ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಕಡೆಗೆ ಅದು ಹೊಂದುವುದಿಲ್ಲ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ನಮ್ಮ ಸೀಮೆಗೆ ಜೂನ್, ಜುಲೈ ತಿಂಗಳುಗಳು ತರುವುದು ಮುಖ್ಯವಾಗಿ ಆಷಾಢದ ಗಾಳಿಯನ್ನು, ಅದರ ಜೊತೆಗೆ ಒಂದಿಷ್ಟು ತುಂತುರನ್ನು. ಸಾಧಾರಣ ವರ್ಷದಲ್ಲಿ 600 ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುವ ನಮ್ಮ ಮಳೆಯ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು ಕೂಡ 2022ರ ಸೆಪ್ಟೆಂಬರಿನಲ್ಲಿ. ಆದ್ದರಿಂದ ಬೇಸಿಗೆಯ ಮನೆಯನ್ನು ಶರದೃತುವಿನ ಮನೆಯಾಗಿ ಮಾಡಿಕೊಳ್ಳಲು ನಮಗಿರುವ ಸರಿಯಾದ ಅವಧಿ ಎಂದರೆ ಮಘೆ ಮಳೆ ಹುಟ್ಟುವ ಆಗಸ್ಟ್ 16ರಿಂದ ಉತ್ತರೆ ಹುಟ್ಟುವ ಸೆಪ್ಟೆಂಬರ್ 13ರವರೆಗಿನ ನಾಲ್ಕು ವಾರಗಳು. ಗಾಳಿಯ ಅಬ್ಬರ ತಗ್ಗಿರುತ್ತದೆ, ನಡುನಡುವೆ ಎರಡು ಮೂರು ದಿನ ಒಳ್ಳೆಯ ಬಿಸಿಲೂ ಸಿಗುತ್ತದೆ.

ಈ ಪಾಠವನ್ನು ನಾನು ನಷ್ಟ ಅನುಭವಿಸಿ ಕಲಿತೆ. ಒಂದು ವರ್ಷ ಮೇ ತಿಂಗಳಲ್ಲೇ ತಾರಸಿಯನ್ನು ಗುಡಿಸಿ, ಪೈಪುಗಳ ಬಾಯಿ ಬಿಡಿಸಿ, ಇನ್ನು ಚಿಂತೆಯಿಲ್ಲವೆಂದು ನೆಮ್ಮದಿಯಿಂದಿದ್ದೆ. ಆಷಾಢದ ಗಾಳಿಯು ಎರಡು ತಿಂಗಳು ಹೊತ್ತು ತಂದ ಮರಳು, ಬೇವಿನ ಎಲೆ, ಹಕ್ಕಿಗೂಡಿನ ಕಡ್ಡಿ ಎಲ್ಲವೂ ಮೂಲೆಯ ಪೈಪಿನ ಬಾಯಲ್ಲಿ ಹುದುಗಿ, ಸಣ್ಣ ತುಂತುರಿಗೆ ನೆನೆದು, ಗಾರೆಯಂತೆ ಗಟ್ಟಿಯಾಗಿದ್ದವು. ಹಸ್ತ ಮಳೆಯ ಒಂದು ರಾತ್ರಿ ತಾರಸಿಯ ಮೇಲೆ ಗೇಣುದ್ದ ನೀರು ನಿಂತು, ಪ್ಯಾರಾಪೆಟ್ ಗೋಡೆಯ ಬುಡದಿಂದ ಒಳಗಿಳಿದು, ಕೋಣೆಯಲ್ಲಿ ಇಟ್ಟಿದ್ದ ಬಿತ್ತನೆ ಶೇಂಗಾದ ಎರಡು ಚೀಲಗಳನ್ನು ನೆನೆಸಿಬಿಟ್ಟಿತು. ಆ ಬೀಜ ಮೊಳೆಯಲಿಲ್ಲ, ತಿನ್ನುವುದಕ್ಕೂ ಬರಲಿಲ್ಲ.

ಕೆಲಸವನ್ನು ಯಾವಾಗಲೂ ಮೇಲಿನಿಂದ ಕೆಳಕ್ಕೆ ಮಾಡಿಕೊಂಡು ಬರಬೇಕು. ಆರ್‌ಸಿಸಿ ತಾರಸಿಯಾದರೆ ಮೊದಲು ಗುಡಿಸಿ, ಪೈಪುಗಳ ಬಾಯಿಗೆ ಬಟ್ಟೆ ತುರುಕಿ, ಒಂದು ಅಂಗುಲ ನೀರು ನಿಲ್ಲಿಸಿ ಒಂದು ಹಗಲು, ಒಂದು ರಾತ್ರಿ ಬಿಡಬೇಕು. ಒಳಗಿನ ಸೂರಿನಲ್ಲಿ ಎಲ್ಲಿ ತೇವ ಕಾಣಿಸಿಕೊಳ್ಳುತ್ತದೆಯೋ ಅದನ್ನು ಗುರುತು ಹಾಕಿಕೊಳ್ಳಬೇಕು. ನೀರನ್ನು ಬಿಟ್ಟ ಮೇಲೆ ಯಾವ ಜಾಗ ಕೊನೆಗೆ ಒಣಗುತ್ತದೆ ಎಂಬುದನ್ನೂ ನೋಡಿಕೊಳ್ಳಿ, ಅಲ್ಲಿ ವಾಟ, ಅಂದರೆ ಇಳಿಜಾರು, ತಪ್ಪಿದೆ ಎಂದು ಅರ್ಥ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಹಗಲಿನಲ್ಲಿ ಹಿಗ್ಗಿ ರಾತ್ರಿಯಲ್ಲಿ ಕುಗ್ಗುವ ತಾರಸಿಯು ಮೊದಲು ಬಿರಿಯುವುದು ಪ್ಯಾರಾಪೆಟ್ ಗೋಡೆ ಸೇರುವ ಅಂಚಿನಲ್ಲಿ. ನಡುವಿನ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿಗಿಂತ ಈ ಅಂಚಿನಿಂದಲೇ ಹೆಚ್ಚು ನೀರು ಇಳಿಯುತ್ತದೆ. ಬಿರುಕಿನ ಮೇಲೆ ಸುಮ್ಮನೆ ಸಿಮೆಂಟ್ ಹಾಲು ಬಳಿದರೆ ಮುಂದಿನ ಬೇಸಿಗೆಗೆ ಅದೇ ಜಾಗ ಮತ್ತೆ ಬಾಯಿಬಿಡುತ್ತದೆ. ಉಳಿಯಿಂದ ಅರ್ಧ ಅಂಗುಲ ಅಗಲಕ್ಕೆ ವಿ ಆಕಾರದಲ್ಲಿ ಕೊರೆಸಿ, ತಂತಿ ಬ್ರಷ್ಷಿನಿಂದ ಧೂಳು ತೆಗೆದು, ನೀರು ಚಿಮುಕಿಸಿ, ಬಿರುಕು ತುಂಬುವ ಪುಡಿಯನ್ನು ಕಲಸಿ ಒತ್ತಿ ತುಂಬಿಸಬೇಕು. ಅದರ ಮೇಲೆ ಮೂರು ದಿನ ಒದ್ದೆ ಗೋಣಿತಾಟು ಹಾಕಿ ನೀರುಣಿಸಬೇಕು. ಅದು ಪೂರ್ತಿ ಒಣಗಿದ ಬಳಿಕವೇ ವಾಟರ್‌ಪ್ರೂಫ್ ಬಣ್ಣದ ಎರಡು ಕೈ, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ತೇವವಿರುವ ತಾರಸಿಗೆ ಬಳಿದ ಬಣ್ಣ ಗುಳ್ಳೆ ಎದ್ದು ಸಿಪ್ಪೆಯಂತೆ ಏಳುವುದರಿಂದ, ಬಿಸಿಲಿನ ದಿನಗಳಿಗೆ ಕಾಯುವಷ್ಟು ತಾಳ್ಮೆ ಇರಲೇಬೇಕು.

ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮಾಳಿಗೆ ಮನೆಗೆ ಬೇರೆಯೇ ಕ್ರಮವಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅಲ್ಲಿ ನೀರು ನಿಲ್ಲಿಸಿ ಪರೀಕ್ಷೆ ಮಾಡುವ ಯೋಚನೆಯನ್ನೇ ಮಾಡಬಾರದು. ಶ್ರಾವಣದ ಸೋನೆಗೆ ಮಾಳಿಗೆಯ ಮೇಲೆ ಹುಲ್ಲು ಹುಟ್ಟಿರುತ್ತದೆ. ಮಣ್ಣು ಹಸಿಯಾಗಿರುವಾಗಲೇ ಅದನ್ನು ಬೇರುಸಹಿತ ಕೀಳಬೇಕು, ಒಣಗಿದ ಮೇಲೆ ಎಳೆದರೆ ಬೇರು ಒಳಗೇ ಉಳಿದು, ಕೊಳೆತು, ನೀರಿಗೆ ದಾರಿಯಾಗುತ್ತದೆ. ಇಲಿ ತೋಡಿದ ಬಿಲಗಳನ್ನು ಕೋಲಿನಿಂದ ತಡಕಿ, ಕಲಸಿದ ಮಣ್ಣನ್ನು ಗಟ್ಟಿಯಾಗಿ ತುಂಬಬೇಕು. ಮೇಲಿನ ಪದರಕ್ಕೆ ಕರಲು ಮಣ್ಣೇ ಆಗಬೇಕು. ಬೆಳೆಗೆ ಬಾರದ ಈ ಚೌಳು ಮಣ್ಣಿನಲ್ಲಿರುವ ಸೋಡಿಯಂ ಅಂಶದಿಂದಾಗಿ ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ಹೊಲದಲ್ಲಿ ದೋಷವಾದ ಗುಣವೇ ಮಾಳಿಗೆಯ ಮೇಲೆ ರಕ್ಷೆಯಾಗುತ್ತದೆ. ಎರಡು ಬೆರಳು ದಪ್ಪಕ್ಕೆ ಹರಡಿ, ದಮ್ಮಸು ಮಾಡಿ (ಬಡಿದು ಗಟ್ಟಿ ಮಾಡಿ), ನೀರು ಹೊರಬೀಳುವ ದೋಣಿಯ ಕಡೆಗೆ ವಾಟ ಕೊಡಬೇಕು. ಆದರೆ ವರ್ಷವರ್ಷವೂ ಹಳೆಯದರ ಮೇಲೆ ಹೊಸ ಮಣ್ಣು ಏರಿಸುತ್ತ ಹೋಗುವುದು ದೊಡ್ಡ ತಪ್ಪು. ನೆನೆದ ಮಣ್ಣಿನ ಭಾರಕ್ಕೆ ತೊಲೆ ಬಾಗುತ್ತದೆ, ಮನೆ ಕುಸಿಯುವುದು ಹೀಗೆಯೇ. ಹಾಕುವಷ್ಟನ್ನು ಮೊದಲು ಕೆರೆದು ಇಳಿಸಿ, ಆಮೇಲೆ ಹೊಸದನ್ನು ಹಾಕಬೇಕು. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟಣ್ ಎನ್ನದೆ ಟೊಳ್ಳು ಸದ್ದು ಬಂದರೆ ಅಲ್ಲಿ ಗೆದ್ದಲೋ ಕೊಳೆತವೋ ಇದೆ, ಮಳೆ ಹಿಡಿಯುವ ಮೊದಲೇ ಕೆಳಗೊಂದು ಕಂಬ ಕೊಡಿಸುವುದು ಕ್ಷೇಮ. ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಗವಾಕ್ಷಿಯ ಸುತ್ತಲಿನ ಕಟ್ಟೆಯನ್ನು ಎತ್ತರಿಸಿ, ಮುಚ್ಚುವುದಕ್ಕೆ ಬೋಸಿಯನ್ನೋ ತಗಡನ್ನೋ ಅಲ್ಲೇ ಕೈಗೆ ಸಿಗುವಂತೆ ಇಡಬೇಕು.

ತಗಡಿನ ಸೂರಾದರೆ ಗಾಳಿಗೆ ಸಡಿಲವಾದ ಬೋಲ್ಟುಗಳನ್ನು ಬಿಗಿಸಿ, ಬಿಸಿಲಿಗೆ ಸೀಳಿದ ರಬ್ಬರ್ ವಾಷರುಗಳನ್ನು ಬದಲಿಸಿದರೆ ಸಾಕು.

ಇನ್ನು ಗೋಡೆಗಳ ವಿಷಯ. ಆಷಾಢ, ಶ್ರಾವಣಗಳಲ್ಲಿ ಗಾಳಿ, ಹನಿ ಎರಡೂ ಪಶ್ಚಿಮದಿಂದ ಬರುವುದರಿಂದ ನಾವು ಪಡುವಣ ಗೋಡೆಯನ್ನಷ್ಟೇ ನೋಡಿಕೊಳ್ಳುತ್ತೇವೆ. ಅಕ್ಟೋಬರಿನಲ್ಲಿ ಹಿಂಗಾರು ಕಾಲಿಡುತ್ತಲೇ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ. ಆಗ ಮೂಡಣ ಬಾಗಿಲು, ಕಿಟಕಿಗಳ ಮೇಲೆ ಎರಚಲು ಹೊಡೆಯುತ್ತದೆ. ಹಳಬರು ಕುರುಡು ಚಿತ್ತೆ ಎನ್ನುವ ಮಳೆಯಂತೂ ಎತ್ತ ಕಡೆಯಿಂದ ಸುರಿಯುತ್ತದೆಂದು ಹೇಳುವಂತಿಲ್ಲ. ಹಾಗಾಗಿ ಕಿಟಕಿಯ ಚೌಕಟ್ಟು ಗೋಡೆಗೆ ಸೇರುವ ಸಂದುಗಳನ್ನು ನಾಲ್ಕೂ ದಿಕ್ಕಿಗೆ ಮುಚ್ಚಿಸಿ, ಸಜ್ಜಾದ ಮೇಲೆ ಕಟ್ಟಿಕೊಂಡ ಮಣ್ಣು, ಆಲದ ಸಸಿ ಏನಿದ್ದರೂ ತೆಗೆಸಬೇಕು.

ಪಿತೃಪಕ್ಷಕ್ಕೆ, ಮಾನೋಮಿಗೆ ಮನೆಗೆ ಸುಣ್ಣ ಹೊಡೆಯುವ ವಾಡಿಕೆಯಿರುವವರು ಆ ಕೆಲಸವನ್ನು ಹಬ್ಬದ ಹಿಂದುಮುಂದಿನ ಎರಡು ದಿನಕ್ಕೆ ಉಳಿಸಿಕೊಳ್ಳಬಾರದು. ಹೊರಗೋಡೆಯ ಸುಣ್ಣ ಗಾಳಿಯನ್ನು ಹೀರಿ ಗಟ್ಟಿಯಾಗಲು ಕೆಲವು ದಿನಗಳು ಬೇಕು, ಅಷ್ಟರಲ್ಲಿ ಉತ್ತರೆ ಸುರಿದರೆ ಬಳಿದದ್ದೆಲ್ಲ ಅಂಗಳಕ್ಕೆ ಇಳಿಯುತ್ತದೆ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದೊಡನೆ ಅದು ಕೊತಕೊತ ಕುದಿಯುವುದರಿಂದ ಪ್ಲಾಸ್ಟಿಕ್ ಬಕೀಟು ಬೇಡ, ಕಬ್ಬಿಣದ ಡ್ರಮ್ಮೇ ಆಗಲಿ. ಮಕ್ಕಳನ್ನು ದೂರವಿಡಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು. ಬೆಂದ ಸುಣ್ಣವನ್ನು ಕೆಲವು ದಿನ ನೀರಿನಲ್ಲೇ ಮಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಗೋಡೆಯನ್ನು ಮೊದಲೇ ಒದ್ದೆ ಮಾಡಿಕೊಂಡು ತೆಳುವಾಗಿ ಎರಡು ಮೂರು ಕೈ ಬಳಿಯಬೇಕು. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆಗಿಂತ ಸುಣ್ಣವೇ ಲೇಸೆಂದು ನಾನು ಒತ್ತಿ ಹೇಳುತ್ತೇನೆ, ಸಿಮೆಂಟ್ ಒಳಗಿನ ತೇವವನ್ನು ಹೊರಬಿಡದೆ ಗೋಡೆಯನ್ನು ಒಳಗಿಂದೊಳಗೇ ಕೊಳೆಸುತ್ತದೆ.

ನಿಮ್ಮ ಮನೆ ಎರೆಭೂಮಿಯಲ್ಲಿದ್ದರೆ, ಹಿರಿಯೂರು, ದಾವಣಗೆರೆಯ ಎಷ್ಟೋ ಬಡಾವಣೆಗಳು ಇರುವುದು ಅಲ್ಲಿಯೇ, ಬುನಾದಿಯ ಪಕ್ಕದ ನೆಲವನ್ನು ಬಗ್ಗಿ ನೋಡಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದ ಎರೆಮಣ್ಣು ದೊಡ್ಡ ಮಳೆಯ ನೀರನ್ನು ನೇರವಾಗಿ ಪಾಯದ ಬುಡಕ್ಕೆ ಇಳಿಸಿಕೊಂಡು ಉಬ್ಬಿ, ಗೋಡೆಯನ್ನು ಮೇಲೆತ್ತುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಇದರ ಗುರುತು. ನೆಲದ ಬಿರುಕುಗಳಿಗೆ ಗರಸು ತುಂಬಿ, ದಮ್ಮಸು ಮಾಡಿ, ಮನೆಯ ಸುತ್ತ ಮೂರಡಿ ಅಗಲಕ್ಕೆ ಹೊರವಾಟ ಕೊಟ್ಟ ಪಟ್ಟಿ ಮಾಡಿಸಿದರೆ ನೀರು ದೂರ ಹರಿಯುತ್ತದೆ. ಸೌದೆ, ಕಲ್ಲು, ಹೆಂಚಿನ ರಾಶಿಗಳನ್ನು ಗೋಡೆಯಿಂದ ದೂರಕ್ಕೆ ಸರಿಸಿ, ಬಚ್ಚಲ ಮೋರಿಯ ಬಾಯಿಗೆ ಜಾಲರಿ ಹಾಕಿಸಬೇಕು; ಮಳೆ ಬಿದ್ದ ರಾತ್ರಿ ಚೇಳು, ಹಾವುಗಳು ಬೆಚ್ಚಗಿನ ಒಣ ಜಾಗ ಹುಡುಕುತ್ತವೆ.

ಮಾಳಿಗೆಯ ನೀರನ್ನು ಹಿಡಿಯುವ ಏರ್ಪಾಡಿಗೂ ಇದೇ ಸಮಯ. ನಮ್ಮ ಚಿತ್ರದುರ್ಗದ ಕೋಟೆಯನ್ನೇ ನೋಡಿ: ಬಂಡೆಗಳ ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನು ಸೇರುವಂತೆ ಕಟ್ಟಿದವರ ಊರಿನಲ್ಲಿ ನಾವಿದ್ದೇವೆ. ಸಾವಿರ ಚದರಡಿ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 930 ಲೀಟರ್. ಸೋರಿದ್ದು, ಹೀರಿದ್ದು ಕಳೆದರೂ 700 ಲೀಟರಿಗೆ ಕಡಿಮೆಯಿಲ್ಲದೆ ಕೈಗೆ ಸಿಗುತ್ತದೆ. ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಕುದಿಸಿದರೂ ಅದು ಹೋಗುವುದಿಲ್ಲ. ಮಳೆನೀರಿನಲ್ಲಿ ಆ ತೊಂದರೆಯಿಲ್ಲ. ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಹೊರಗೆ ಬಿಟ್ಟು, ಮರಳು, ಇದ್ದಿಲುಗಳ ಸೋಸುವ ಡ್ರಮ್ಮಿನ ಮೂಲಕ ತೊಟ್ಟಿಗೆ ಹಾಯಿಸಬೇಕು. ಹೊಸದಾಗಿ ಬಣ್ಣ ಬಳಿದ ತಾರಸಿಯಾದರೆ ಆ ವರ್ಷ ಕುಡಿಯಲು ಹಿಡಿಯಬೇಡಿ. ತೊಟ್ಟಿ, ಸಿಂಟೆಕ್ಸ್‌ಗಳ ಒಳಮೈಯನ್ನು ಉಜ್ಜಿ ತೊಳೆಯುವುದು ಕಡ್ಡಾಯ, ಏಕೆಂದರೆ ಡೆಂಗ್ಯೂ ಹರಡುವ ಸೊಳ್ಳೆಯ ಮೊಟ್ಟೆ ಒಣಗಿದ ಗೋಡೆಗೆ ತಿಂಗಳುಗಟ್ಟಲೆ ಅಂಟಿಕೊಂಡಿದ್ದು ನೀರು ಮುಟ್ಟಿದೊಡನೆ ಒಡೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಬರಿದು ಮಾಡಬೇಕು. ತೊಳೆದ ಬಳಿಕ ತುಂಬಿದ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ ಕದಡಿ, ಒಂದು ಗಂಟೆ ಬಿಟ್ಟು ಬಳಸಿ. ಬೇಸಿಗೆಯ ಏರ್ ಕೂಲರನ್ನು ಹಾಗೆಯೇ ಮೂಲೆಗೆ ತಳ್ಳದೆ, ನೀರು ಬಸಿದು, ಹುಲ್ಲಿನ ಪ್ಯಾಡ್ ಒಣಗಿಸಿ, ಬಟ್ಟೆ ಸುತ್ತಿ ಎತ್ತಿಡಿ.

ಈ ತಿಂಗಳುಗಳ ಮಳೆ ಗುಡುಗು, ಸಿಡಿಲಿನೊಂದಿಗೆ ಬರುತ್ತದೆ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿರುವುದರಿಂದ ನೀರುಣಿಸಿ, ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇದ್ದರೆ ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿ ನೋಡಿ. ಸ್ವಿಚ್ ಕೂಡಲೇ ಕೆಳಕ್ಕೆ ಬೀಳದಿದ್ದರೆ ಬದಲಿಸಬೇಕು. ಬಟ್ಟೆ ಒಣಹಾಕುವ ತಂತಿಯನ್ನು ಕರೆಂಟಿನ ಕಂಬಕ್ಕೆ ಕಟ್ಟಿದ್ದರೆ ಇಂದೇ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ. ಸರ್ವಿಸ್ ತಂತಿ ಜೋತುಬಿದ್ದಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ, ನೀವಾಗಿ ಮುಟ್ಟಬೇಡಿ.

ಕಾಳುಕಡಿಗಳನ್ನು ಬಿಸಿಲಿಗೆ ಹಾಕಿದ ಬಳಿಕ ಆರಿಸಿಯೇ ಡಬ್ಬಕ್ಕೆ ತುಂಬಬೇಕು, ಬಿಸಿಯಾಗಿರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟಿ ಮುಗ್ಗಲು ಬರುತ್ತದೆ. ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿರಲಿ. ಬೂಷ್ಟು ಹಿಡಿದ ಶೇಂಗಾವನ್ನು ಹುರಿದರೂ ತಿನ್ನಬಾರದು, ಅದರ ವಿಷ ಬೆಂಕಿಗೆ ಹೋಗುವಂಥದ್ದಲ್ಲ. ದೀಪಾವಳಿಯ ಹೊತ್ತಿಗೆ ಬೇಕಾಗುವ ಚಳ್ಳಕೆರೆ ಕಂಬಳಿಗಳನ್ನು ಈಗಲೇ ಹೊರತೆಗೆದು, ಕೊಡವಿ, ಎರಡು ಬಿಸಿಲು ಕಾಣಿಸಿ, ಒಣಗಿದ ಬೇವಿನೆಲೆಯೊಂದಿಗೆ ಮಡಿಚಿಡಿ.

ಉತ್ತರೆಯ ಮೊದಲ ದೊಡ್ಡ ಮಳೆ ನಿಂತ ಮರುದಿನ ಬೆಳಿಗ್ಗೆ ಬ್ಯಾಟರಿ, ಪೆನ್ಸಿಲ್ ಹಿಡಿದು ಕೋಣೆಕೋಣೆಯ ಸೂರನ್ನೂ ಗೋಡೆಯ ಬುಡವನ್ನೂ ನೋಡಿ. ತೇವ ಕಂಡಲ್ಲಿ ಅದರ ಅಂಚಿಗೆ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ಮಳೆಯ ಬಳಿಕ ತೇವ ಗೆರೆಯೊಳಗೇ ನಿಂತಿದ್ದರೆ ಅದು ಹಳೆಯ ನೀರು, ಒಣಗುತ್ತದೆ. ಗೆರೆ ದಾಟಿದ್ದರೆ ಹಸ್ತ ಹುಟ್ಟುವ ಸೆಪ್ಟೆಂಬರ್ 27ರೊಳಗೆ ಗಾರೆಯವರನ್ನು ಕರೆಸಿ.