ಪವರ್ ಇರುವ ಕಾರು ತಂದಿರಾ? ಮೊದಲು ಬ್ರೇಕ್ ಕಲಿಯಿರಿ

ಹುಬ್ಬಳ್ಳಿ-ಧಾರವಾಡದಲ್ಲಿ ಜೋರು ಕಾರು ಮನೆಗೆ ಬಂದ ದಿನ ಏನೇನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ನುಗ್ಗಿಕೇರಿ ಹನುಮಪ್ಪನ ಮುಂದೆ ಪೂಜೆ. ಓಣಿಗೆಲ್ಲ ಪೇಢೆ. ಸಂಜೆ ನಾಲ್ಕು ಮಂದಿ ಗೆಳೆಯರನ್ನು ತುಂಬಿಕೊಂಡು ಗದಗ ರೋಡ್. ಹಿಂದಿನ ಸೀಟಿನಿಂದ ಒಬ್ಬ, ‘ತುಳಿಯೋ ಲೇ, ಎಷ್ಟು ಹೊಡಿತೈತಿ ನೋಡೂಣು’ ಅನ್ನುತ್ತಾನೆ. ಇನ್ನೊಬ್ಬ ಮೊಬೈಲ್ ಹಿಡಿದು ಮೀಟರಿನ ವಿಡಿಯೊ ಮಾಡುತ್ತಾನೆ. ಆ ಕಾರಿನ ಬ್ರೇಕ್ ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಅನ್ನುವುದು ಮಾತ್ರ ಒಳಗಿದ್ದ ಐವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ.

ಲೆಕ್ಕ ನೋಡಿ. ನಮ್ಮಲ್ಲಿ ಬಹಳ ಮಂದಿ ಕಾರು ಕಲಿತದ್ದು ಮಾರುತಿ 800ರಲ್ಲಿ. ಅದರ ಹೆಚ್ಚಿನ ಮಾದರಿಗಳಿಗೆ 40 ಹಾರ್ಸ್‌ಪವರ್ ಕೂಡ ಇರಲಿಲ್ಲ. ಈಗ ಫೋಕ್ಸ್‌ವ್ಯಾಗನ್ ವರ್ಟಸ್ ಅಥವಾ ಸ್ಕೋಡಾ ಸ್ಲಾವಿಯಾದ 1.5 ಲೀಟರ್ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಚಕ್ರ ಇರುವುದು) ತಗೊಂಡರೆ 150. ಗಾಲ್ಫ್ ಜಿಟಿಐಗೆ 265. ಬಿಎಂಡಬ್ಲ್ಯು ಎಂ340ಐ ನಿಂತಲ್ಲಿಂದ 100 ಮುಟ್ಟಲು ನಾಲ್ಕೂವರೆ ಸೆಕೆಂಡ್ ಕೂಡ ತಗೊಳ್ಳುವುದಿಲ್ಲ ಅಂತ ಕಂಪನಿಯೇ ಹೇಳುತ್ತದೆ. ಗಾಡಿ ಬದಲಾಯಿತು, ತುಳಿಯುವ ಕಾಲು ಅದೇ ಹಳೆಯದು. ಆ ಕಾಲಿಗೆ ಹೊಸ ಗಾಡಿ ರೂಢಿಯಾಗುವವರೆಗೆ ಏನು ಮಾಡಬೇಕು ಅನ್ನುವುದೇ ಈ ಲೇಖನ.

1. ಬೇಡದ್ದನ್ನು ತೆಗೆಯಿರಿ

ಪೂಜೆ ಮುಗಿದ ಮೇಲೆ ಗ್ರಿಲ್ಲಿಗೆ ಕಟ್ಟಿದ ಹಾರ ಬಿಚ್ಚಿ. ಈಗಿನ ಕಾರುಗಳಲ್ಲಿ ಮುಂದೆ ರಾಡಾರ್, ಕ್ಯಾಮೆರಾ, ಸೆನ್ಸರ್ ಇರುತ್ತವೆ, ಸೇವಂತಿಗೆ ಹಾರ ಅವುಗಳ ಕಣ್ಣು ಮುಚ್ಚುತ್ತದೆ. ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಸಲೇಬೇಡಿ. ಮೇಲಿನದು ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಬ್ರೇಕ್ ಪೂರ್ತಿ ಇಳಿಯುವುದಿಲ್ಲ. ಡ್ರೈವರ್ ಕಾಲಿನ ಹತ್ತಿರ ನೀರಿನ ಬಾಟಲಿಯೂ ಬೇಡ.

ಸೀಟ್ ಕವರಿನ ಅಂಗಡಿ ಕಡೆ ಹೋಗುವ ಮುಂಚೆ ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಅಂತ ಚಿಕ್ಕ ಪಟ್ಟಿ ಇದೆಯೇ ನೋಡಿ. ಇದ್ದರೆ ಏರ್‌ಬ್ಯಾಗ್ ಅಲ್ಲಿಂದಲೇ ಸೀಳಿಕೊಂಡು ಬರಬೇಕು. ಅದರ ಮೇಲೆ ದಪ್ಪ ರೆಕ್ಸಿನ್ ಹೊಲಿಸಿ ‘ಲೆದರ್ ರೀ’ ಅನ್ನುವವರ ಮಾತು ಕೇಳಬೇಡಿ. ಲಕ್ಷಗಟ್ಟಲೆ ಕೊಟ್ಟು ತಂದ ಕಾರಿನ ಸೀಟು ಮುಚ್ಚಿಡುವುದು ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

2. ಕೂರುವ ರೀತಿ

ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಅಂಟಿರುವಾಗ ಮುಂಗೈ ಗಂಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು. ಸೋಫಾದಲ್ಲಿ ಕೂತ ಹಾಗೆ ಹಿಂದಕ್ಕೆ ಒರಗಿ ಒಂದೇ ಕೈಯಲ್ಲಿ ಓಡಿಸುವವರು ಮುಂದಿನ ಹಂತ ಓದುವುದೇ ಬೇಡ.

3. ಮೊದಲ ಸಾವಿರ-ಒಂದೂವರೆ ಸಾವಿರ ಕಿಲೋಮೀಟರ್

ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುವ ಮ್ಯಾನುಯಲ್ ತೆಗೆದು ರನ್ನಿಂಗ್ ಇನ್, ಅಂದರೆ ಹೊಸ ಎಂಜಿನ್ ಹದಕ್ಕೆ ತರುವ ಪುಟ ಓದಿ. ಒಂದೊಂದು ಕಂಪನಿಯದು ಒಂದೊಂದು ಅಂಕಿ. ಒಟ್ಟು ಅರ್ಥ ಒಂದೇ: ಪೂರ್ತಿ ತುಳಿಯಬೇಡಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಮೀಟರಿನ ಕೆಂಪು ಗೆರೆಯವರೆಗೆ ಆರ್‌ಪಿಎಂ ಏರಿಸಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ. ಪಿಸ್ಟನ್ ರಿಂಗು ಸಿಲಿಂಡರಿನ ಗೋಡೆಗೆ ಚೆನ್ನಾಗಿ ಕೂರುವುದು ಈ ಹೊತ್ತಿನಲ್ಲೇ. ಅದಕ್ಕೆ ಎಂಜಿನ್ ಮೇಲಿನ ಭಾರ ಏರುತ್ತ ಇಳಿಯುತ್ತ ಇರಬೇಕು. ಹಾಗಾಗಿ ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಬೆಂಗಳೂರಿಗೆ ಹೋಗಿ ಬಂದರೆ ಕಿಲೋಮೀಟರ್ ಆಯಿತೇ ಹೊರತು ರನ್ನಿಂಗ್ ಇನ್ ಆಗಲಿಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರದ ಕಡೆಗಿನ ಏರು-ಇಳಿವಿನ ರಸ್ತೆ ಇದಕ್ಕೆ ಬಹಳ ಒಳ್ಳೆಯದು.

ಹಗುರ ಓಡಿಸಿದರೆ ಮಜಾ ಇಲ್ಲ ಅನ್ನಬೇಡಿ. ಆ 1.5 ಟರ್ಬೊದ 250 ಎನ್ಎಂ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಪೂರ್ತಿ ಸಿಗುವುದು 1600ರಿಂದ 3500 ಆರ್‌ಪಿಎಂ ಒಳಗೆ. ಅಂದರೆ ಕೆಂಪು ಗೆರೆಯ ಹತ್ತಿರ ಸುಳಿಯದೆಯೂ ಗಾಡಿಯ ತಾಕತ್ತು ಗೊತ್ತಾಗುತ್ತದೆ.

ಹೊಸ ಟೈರಿನ ಮೇಲೆ ಕಾರ್ಖಾನೆಯ ಅಚ್ಚಿನಿಂದ ಬಂದ ನುಣುಪು ಇರುತ್ತದೆ. ಅದು ಸವೆಯಲು ಮುನ್ನೂರರಿಂದ ಐನೂರು ಕಿಲೋಮೀಟರ್ ಬೇಕು. ಬ್ರೇಕ್ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಸಂಜೆ ಗದಗ ರೋಡಿನಲ್ಲಿ ತುಳಿಯುವವರು ಹಿಡಿತವಿಲ್ಲದ ಟೈರು, ಕೂತಿರದ ಬ್ರೇಕು ಎರಡನ್ನೂ ನಂಬಿ ತುಳಿಯುತ್ತಾರೆ.

4. ಬ್ರೇಕ್

ಇಲ್ಲಿ ನಿಧಾನವಾಗಿ ಓದಿ. ನಾನು ನೋಡಿದವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ.

100ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಎದುರಿಗೆ ಎಮ್ಮೆ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಆ ಒಂದು ಸೆಕೆಂಡ್ ಮುಗಿದಿರುತ್ತದೆ. ಆಮೇಲೆ ಒಳ್ಳೆಯ ಟೈರು, ಒಣ ರಸ್ತೆ ಇದ್ದರೂ ನಿಲ್ಲಲು ಇನ್ನೊಂದು 40 ಮೀಟರ್. 140ರಲ್ಲಿ ಹೋಗುತ್ತಿದ್ದರೆ ಬ್ರೇಕ್ ಹಾಕಿದ ಮೇಲಿನ ದೂರವೇ ಹೆಚ್ಚುಕಡಿಮೆ ಎರಡು ಪಟ್ಟು. ವೇಗ ಒಂದೂವರೆ ಪಟ್ಟೂ ಆಗಿಲ್ಲ, ದೂರ ಮಾತ್ರ ಡಬಲ್. ಇದನ್ನು ತಲೆ ಒಪ್ಪಿದರೆ ಸಾಲದು, ಕಾಲಿಗೆ ಗೊತ್ತಾಗಬೇಕು.

ಮೊದಲು ಪ್ಯಾಡ್ ಕೂರಿಸಿ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿ, 60ರಿಂದ 20ಕ್ಕೆ ಮಧ್ಯಮ ಒತ್ತಡದಲ್ಲಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಒಂದೆರಡು ಕಿಲೋಮೀಟರ್ ಸುಮ್ನೆ ಓಡಿಸಿ ಡಿಸ್ಕ್ ಆರಲು ಬಿಡಿ, ಮತ್ತೆ ಮಾಡಿ. ಈ ದಿನಗಳಲ್ಲಿ ಗಕ್ಕನೆ ನಿಲ್ಲಿಸುವ ಪ್ರಯೋಗ ಬೇಡ.

ಟೈರು, ಪ್ಯಾಡು ಎರಡೂ ಹದಕ್ಕೆ ಬಂದ ಮೇಲೆ ಜಾಗ ಹುಡುಕಿ. ನಮ್ಮ ಅವಳಿನಗರದ ಸುತ್ತ ಲೇಔಟುಗಳಿಗೆ ಕೊರತೆಯಿಲ್ಲ. ಡಾಂಬರು ಬಿದ್ದು, ಕಂಬ ನೆಟ್ಟು, ಒಂದು ಮನೆಯೂ ಏಳದ ರಸ್ತೆಗಳು ಎಷ್ಟು ಬೇಕು? ಮಾಲೀಕರನ್ನು ಕೇಳಿ, ಭಾನುವಾರ ಬೆಳಿಗ್ಗೆ ಹೋಗಿ. ಮೊದಲು ನಡೆದುಕೊಂಡೇ ಒಂದು ಸಲ ನೋಡಿ. ಜಲ್ಲಿ, ಮರಳು ಬಿದ್ದಿದ್ದರೆ ಬೇರೆ ರಸ್ತೆ ಹಿಡಿಯಿರಿ, ಸಡಿಲ ಜಲ್ಲಿಯ ಮೇಲೆ ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೂ ಕಾರು ಇನ್ನಷ್ಟು ದೂರ ಹೋಗುತ್ತದೆ. ನಂಬಿಕೆಯ ಒಬ್ಬರನ್ನು ರಸ್ತೆಯ ಕೊನೆಯಲ್ಲಿ, ಪಕ್ಕಕ್ಕೆ ನಿಲ್ಲಿಸಿ. ನಾಯಿ, ಸೈಕಲ್ಲು ಬಂದರೆ ಕೈ ಎತ್ತಲಿ. ಕಾರಿನೊಳಗೆ ನೀವೊಬ್ಬರೇ ಇರಿ.

30ರಲ್ಲಿ ಶುರು ಮಾಡಿ. ಬ್ರೇಕನ್ನು ಒದೆಯಬೇಕು, ಒತ್ತುವುದಲ್ಲ. ಪೆಡಲ್ ಗರ್ ಗರ್ ಅಂತ ಕಾಲಿಗೆ ಹೊಡೆಯುತ್ತದೆ, ಸ್ಟಾರ್ಟ್ ಇದ್ದ ಟ್ರ್ಯಾಕ್ಟರಿನ ಮೇಲೆ ಕಾಲಿಟ್ಟ ಹಾಗೆ. ಅದು ಎಬಿಎಸ್ ಕೆಲಸ ಮಾಡುವ ರೀತಿ. ಬಹಳ ಮಂದಿ ಆ ಸದ್ದಿಗೆ, ಆ ನಡುಕಕ್ಕೆ ಹೆದರಿ ಕಾಲು ಸಡಿಲ ಬಿಡುತ್ತಾರೆ. ಗಾಡಿ ಮತ್ತೆ ಮುಂದೆ ಹೋಗುತ್ತದೆ. ಅಪಘಾತದ ಹೊತ್ತಿನಲ್ಲೂ ಮಾಡುವುದು ಇದನ್ನೇ. ಪೂರ್ತಿ ನಿಲ್ಲುವವರೆಗೆ ಕಾಲು ಎತ್ತಬಾರದು. ಗೇರ್ ಇರುವ ಗಾಡಿಯಾದರೆ ಎಡಗಾಲಿನಿಂದ ಕ್ಲಚ್ಚನ್ನೂ ಪೂರ್ತಿ ಒತ್ತಿ.

30ರಲ್ಲಿ ಕಾಲು ಹೆದರುವುದು ನಿಂತ ಮೇಲೆ 50ಕ್ಕೆ ಹೋಗಿ. ಆಮೇಲೆ, ಜಾಗ ಸಾಕಷ್ಟು ಉದ್ದವಿದ್ದರೆ ಮಾತ್ರ 70ಕ್ಕೆ. ಬ್ರೇಕ್ ಹಾಕಿದ ಜಾಗದಲ್ಲೊಂದು, ನಿಂತ ಜಾಗದಲ್ಲೊಂದು ಕಲ್ಲಿಟ್ಟು ಇಳಿದು ನೋಡಿ. ಎರಡು ಕಲ್ಲಿನ ನಡುವೆ ನಡೆದು ಹೆಜ್ಜೆ ಎಣಿಸಿದವರ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ.

ಕೊನೆಗೆ ತಿರುಗಿಸುವುದು. ಎಬಿಎಸ್ ಇರುವುದೇ ಬ್ರೇಕ್ ಒದ್ದಾಗಲೂ ಸ್ಟೀರಿಂಗ್ ಕೇಳಲಿ ಅಂತ. ರಸ್ತೆಯ ನಡುವೆ ಖಾಲಿ ಪ್ಲಾಸ್ಟಿಕ್ ಬಾಟಲಿ ಇಡಿ. 40ರಲ್ಲಿ ಬಂದು ಬ್ರೇಕ್ ಒದ್ದು, ಕಾಲು ಎತ್ತದೆ ಬಾಟಲಿಯ ಪಕ್ಕಕ್ಕೆ ತಿರುಗಿಸಿ. ಕಣ್ಣು ಬಾಟಲಿಯ ಮೇಲೆ ನೆಟ್ಟರೆ ಬಾಟಲಿಗೇ ಹೊಡೆಯುತ್ತೀರಿ. ಕಣ್ಣು ಹೋಗಬೇಕಾದದ್ದು ಪಕ್ಕದ ಖಾಲಿ ಜಾಗಕ್ಕೆ.

ಇನ್ನೊಂದು ಬ್ರೇಕ್ ಇದೆ, ದಿನಾ ಬೇಕಾಗುವಂಥದ್ದು. ನಿಧಾನವಾಗಿ ಶುರು, ನಡುವೆ ಜೋರು, ನಿಲ್ಲುವ ಕೊನೆಯ ಗೇಣಿನಲ್ಲಿ ಮತ್ತೆ ಹಗುರ. ಹಾಗೆ ಬಿಟ್ಟರೆ ಒಳಗಿದ್ದವರ ತಲೆ ಮುಂದಕ್ಕೆ ತೂಗುವುದಿಲ್ಲ. ಹಿಂದೆ ಕೂತ ಅವ್ವ ಮಾತು ನಿಲ್ಲಿಸದೆ ಇದ್ದರೆ ನಿಮಗೆ ಬಂತು ಅಂತ ತಿಳಿಯಿರಿ.

5. ಟರ್ಬೊ ಮತ್ತು ತಿರುವು

ಟರ್ಬೊ ಗಾಡಿಯಲ್ಲಿ ಕಾಲು ಒತ್ತಿದ ತಕ್ಷಣ ಪಿಕಪ್ ಬರುವುದಿಲ್ಲ, ಒಂದು ಗಳಿಗೆ ತಡವಾಗಿ ಒಮ್ಮೆಲೇ ಬರುತ್ತದೆ. ಇದು ಗೊತ್ತಿಲ್ಲದವರು ತಿರುವಿನ ಬಾಯಲ್ಲಿ ಒತ್ತುತ್ತಾರೆ. ಏನೂ ಆಗಲಿಲ್ಲ ಅಂತ ಇನ್ನಷ್ಟು ಒತ್ತುತ್ತಾರೆ. ತಿರುವಿನ ನಡುವೆ ಎರಡೂ ಸೇರಿ ಬರುತ್ತದೆ. ಮುಂದಿನ ಗಾಲಿ ಎಳೆಯುವ ಕಾರಾದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೊರಗಡೆ ಎಳೆಯುತ್ತದೆ. ಹಿಂದಿನ ಗಾಲಿಯದಾದರೆ ಹಿಂಭಾಗ ಜಾರುತ್ತದೆ.

ಬ್ರೇಕ್, ಗೇರ್ ಎರಡೂ ತಿರುವಿಗೆ ಮುಂಚೆಯೇ ಮುಗಿಯಲಿ. ಆರ್‌ಪಿಎಂ 2000ದ ಮೇಲಿರಲಿ. ತಿರುವಿನ ಆಚೆ ಬದಿ ಕಂಡ ಮೇಲೆ, ಸ್ಟೀರಿಂಗ್ ನೇರ ಮಾಡಿದಷ್ಟೇ ಆಕ್ಸಿಲರೇಟರ್ ಕೊಡಿ. ಓವರ್‌ಟೇಕಿಗೂ ಇದೇ ಲೆಕ್ಕ. ಆಟೊಮ್ಯಾಟಿಕ್ ಇದ್ದರೆ ಲಾರಿಯ ಹಿಂದಿರುವಾಗಲೇ ಸ್ಟೀರಿಂಗಿನ ಹಿಂದಿರುವ ಗೇರ್ ಪ್ಯಾಡಲ್ ಎಳೆದು ಗೇರ್ ಇಳಿಸಿಕೊಳ್ಳಿ, ಪಕ್ಕಕ್ಕೆ ಬಂದ ಮೇಲೆ ಗಾಡಿ ಗೇರ್ ಹುಡುಕುತ್ತ ಕೂರಬಾರದು.

ಕಲಿಯಲು ಒಂದೇ ರಸ್ತೆ ಹಿಡಿಯಿರಿ. ನನ್ನ ಆಯ್ಕೆ ಧಾರವಾಡದಿಂದ ಅಳ್ನಾವರದ ಕಡೆಯದು, ಬೆಳಿಗ್ಗೆ ಬೇಗ. ತಿರುವು ಬಾಯಿಪಾಠ ಆದ ಮೇಲೆ ಗಮನ ರಸ್ತೆಯಿಂದ ಗಾಡಿಯ ಮೇಲೆ ಬರುತ್ತದೆ. ವಾರಕ್ಕೊಂದು ಹೊಸ ರೋಡ್ ಹುಡುಕುವವರಿಗೆ ಫೋಟೊ ಸಿಗುತ್ತದೆ, ಗಾಡಿ ತಿಳಿಯುವುದಿಲ್ಲ. ಯಲ್ಲಾಪುರ ದಾಟಿದ ಮೇಲಿನ ಅರಬೈಲು ಘಾಟಿಯನ್ನು ಕೊನೆಗಿಡಿ. ಅಲ್ಲಿ ತಿರುವಿಗಿಂತ ಎದುರು ಬರುವ ಲಾರಿಗಳದ್ದೇ ಚಿಂತೆ ಜಾಸ್ತಿ.

ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಮಾತ್ರ ಬೇಡ. ವರ್ಷಗಟ್ಟಲೆ ಎರಡೇ ಲೇನಿನಲ್ಲಿ ಎಷ್ಟು ಜೀವ ಹೋದವು ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ರಾತ್ರಿ ಖಾಲಿ ಇರುತ್ತದೆ ಅಂತ ಚಿಗರಿ ಬಸ್ಸಿಗೆಂದೇ ಮೀಸಲಿಟ್ಟ ಲೇನಿಗೆ ನುಗ್ಗುವವರಿಗೆ ಹೇಳಲು ನನ್ನ ಹತ್ತಿರ ಒಳ್ಳೆಯ ಮಾತಿಲ್ಲ.

6. ಎರೆ ಮಣ್ಣಿನ ರಸ್ತೆ

ಕಾರಿನ ಮ್ಯಾನುಯಲ್ಲಿನಲ್ಲಿ ಇದು ಇರುವುದಿಲ್ಲ. ಮಳೆ ಬಿದ್ದ ಮಾರನೇ ದಿನ ಅಣ್ಣಿಗೇರಿ, ನವಲಗುಂದದ ಕಡೆ ಹೊಲದಿಂದ ರಸ್ತೆಗೆ ಹತ್ತುವ ಟ್ರ್ಯಾಕ್ಟರುಗಳು ಗಾಲಿಗೆ ಮೆತ್ತಿದ ಎರೆ ಮಣ್ಣನ್ನು ಡಾಂಬರಿನ ಮೇಲೆ ಬಿಟ್ಟು ಹೋಗುತ್ತವೆ. ಕಪ್ಪು ರಸ್ತೆಯ ಮೇಲೆ ಕಪ್ಪು ಮಣ್ಣು, ದೂರದಿಂದ ಕಾಣುವುದಿಲ್ಲ. ಒದ್ದೆಯಿದ್ದರೆ ಬೆಣ್ಣೆ. ಹೊಲದ ದಾರಿ ಕೂಡುವ ಕಡೆಯಲ್ಲೆಲ್ಲ ಕಾಲು ಹಗುರ ಮಾಡಿ. ಮೀಟರಿನಲ್ಲಿ ಜಾರುವ ಕಾರಿನ ಗುರುತಿನ ಹಳದಿ ದೀಪ ಮಿಣುಕಿದರೆ ಕೆಟ್ಟಿದೆ ಅಂತಲ್ಲ, ಗಾಡಿಯೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತಿದೆ. ಆ ಸಿಸ್ಟಂ ಆಫ್ ಮಾಡುವ ಬಟನ್ ನಮ್ಮ ರಸ್ತೆಗೆ ಅಲ್ಲ. ಸುಗ್ಗಿಯಲ್ಲಿ ರಸ್ತೆಗೇ ಒಕ್ಕಣೆ ಹಾಕಿರುತ್ತಾರೆ, ಒಣ ಕಾಳಿನ ಮೇಲೂ ಟೈರಿಗೆ ಹಿಡಿತ ಇಲ್ಲ.

7. ಬಿಸಿ, ತಂಪು

ಧಾರವಾಡದ ಡಿಸೆಂಬರ್ ಬೆಳಗಿನಲ್ಲಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸಿಡುವುದು ಹಳೇ ಕಾಲದ ಮಾತು. ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಎಂಟು-ಹತ್ತು ಕಿಲೋಮೀಟರ್ 3000 ಆರ್‌ಪಿಎಂ ದಾಟಬೇಡಿ. ಟೆಂಪರೇಚರ್ ಮೀಟರಿನ ಮುಳ್ಳು ನಡುವಿಗೆ ಬಂತು ಅಂದರೆ ನೀರು ಬಿಸಿಯಾಯಿತು ಅಂತ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಹಾಗೇ ಜೋರಾಗಿ ಓಡಿಸಿ ಬಂದರೆ ಕೊನೆಯ ಎರಡು ಕಿಲೋಮೀಟರ್ ಮೆಲ್ಲಗೆ ಬನ್ನಿ. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ, ಅದನ್ನು ತಂಪಾಗಿಡುವುದು ಹರಿಯುವ ಆಯಿಲ್.

ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಇದ್ದವರು ಚೆನ್ನಮ್ಮ ಸರ್ಕಲ್ಲಿನ ಜಾಮಿನಲ್ಲಿ ಗೇಣು ಗೇಣು ಮುಂದೆ ಸರಿಯಬೇಡಿ. ಮುಂದೆ ಸ್ವಲ್ಪ ಜಾಗವಾದ ಮೇಲೆ ಒಮ್ಮೆಲೇ ಸರಿಯಿರಿ. ಇಲ್ಲವಾದರೆ ಕ್ಲಚ್ ಬೇಯುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

8. ಗಾಳಿ, ಪೆಟ್ರೋಲ್

ಗಾಳಿಯನ್ನು ಬೆಳಿಗ್ಗೆ ಟೈರ್ ತಂಪಿರುವಾಗ ನೋಡಿ, ಅಂಕಿ ಡ್ರೈವರ್ ಬಾಗಿಲಿನ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುತ್ತದೆ. ನೈಟ್ರೋಜನ್ನಿಗೆ ದುಡ್ಡು ಕೊಡಬೇಡಿ, ಸಾದಾ ಗಾಳಿಯಲ್ಲೇ 78 ಪಾಲು ನೈಟ್ರೋಜನ್. ಆಕ್ಟೇನ್ ಎಷ್ಟು ಬೇಕೆಂದು ಪೆಟ್ರೋಲ್ ಮುಚ್ಚಳ ಹೇಳುತ್ತದೆ, ಅಷ್ಟು ಹಾಕಿ. ಬಾಟಲಿಯಲ್ಲಿ ಮಾರುವ ಬೂಸ್ಟರ್, ಮೊದಲ ಸರ್ವಿಸಿನಲ್ಲೇ ಬಿಲ್ಲಿಗೆ ಸೇರಿಸುವ ಎಂಜಿನ್ ಫ್ಲಶ್, ಎರಡೂ ಬೇಡ ಅಂತ ಮೊದಲೇ ಬರೆಸಿ. ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ, ಇನ್ನೂ 40 ಹಾರ್ಸ್‌ಪವರ್ ಅನ್ನುವವರು ಬರುತ್ತಾರೆ. ಇದ್ದ 150ನ್ನೇ ಓಡಿಸಲು ಬಾರದವರಿಗೆ ವಾರಂಟಿ ಕಳೆದುಕೊಳ್ಳುವ ಅರ್ಜೆಂಟ್ ಯಾಕೋ.

9. ಪೂರ್ತಿ ತುಳಿಯಬೇಕು ಅನ್ನಿಸಿದರೆ

ಅನ್ನಿಸಬೇಕು, ಅದಕ್ಕೇ ತಂದದ್ದು ಅಲ್ವಾ? ಆದರೆ ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಇಟ್ಟ ಮಿತಿ 100. ಎಂ340ಐ ಅಷ್ಟು ವೇಗಕ್ಕೆ ಉಸಿರು ಕೂಡ ಎಳೆಯುವುದಿಲ್ಲ. ಹಾಗಾಗಿ ಟ್ರ್ಯಾಕಿಗೆ ಹೋಗಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟುಕೊಟ್ಟೈನಲ್ಲಿ ಇನ್ನೊಂದಿದೆ. ಸ್ವಂತ ಕಾರು ಬಿಡುವ ದಿನ ಯಾವುದು ಅಂತ ಮೊದಲೇ ವಿಚಾರಿಸಿ. ಇಲ್ಲಿಂದ ದೂರ, ಖರ್ಚೂ ಇದೆ. ಸಾಮಾನ್ಯ ಇನ್ಶೂರೆನ್ಸ್ ರೇಸು, ಸ್ಪೀಡ್ ಟೆಸ್ಟಿಂಗಿನಲ್ಲಿ ಆದ ಹಾನಿಗೆ ದುಡ್ಡು ಕೊಡುವುದಿಲ್ಲ ಅನ್ನುವುದು ನೆನಪಿರಲಿ.

ಹೋಗುವ ಮುಂಚೆ ಬ್ರೇಕ್ ಫ್ಲೂಯಿಡ್ ಬದಲಿಸಿ, ಪ್ಯಾಡ್ ದಪ್ಪ ನೋಡಿಸಿ, ಡಿಕ್ಕಿಯಲ್ಲಿರುವ ಸಾಮಾನೆಲ್ಲ ಇಳಿಸಿ. ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ನಿಧಾನಕ್ಕೆ ಹೊಡೆಯಿರಿ. ಒಳಗೆ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಡಿಸ್ಕ್ ಕೆಂಡದಷ್ಟು ಬಿಸಿ ಇರುತ್ತದೆ, ಪ್ಯಾಡ್ ಒತ್ತಿ ಹಿಡಿದ ಜಾಗದಲ್ಲೇ ಕಲೆ ಬಿದ್ದು ಆಮೇಲೆ ಬ್ರೇಕ್ ಹಾಕಿದಾಗೆಲ್ಲ ನಡುಗುತ್ತದೆ. ಗೇರಿನಲ್ಲಿ ಬಿಡಿ, ಆಟೊಮ್ಯಾಟಿಕ್ ಆದರೆ ಪಾರ್ಕಿನಲ್ಲಿ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಎಂಜಿನ್ ಆಫ್ ಮಾಡಿದಾಗ ತಾನೇ ಬೀಳುವಂಥದ್ದಾದರೆ, ಅದನ್ನು ಬೀಳದಂತೆ ಮಾಡುವುದು ಹೇಗೆ ಅಂತ ಊರಲ್ಲಿರುವಾಗಲೇ ಮ್ಯಾನುಯಲ್ ನೋಡಿಕೊಳ್ಳಿ.