ಹೊಸಬರಿಗೆ ಮಾರ್ಗದರ್ಶಿ: ಪಿಟ್ಸ್‌ಬರ್ಗ್‌ನಲ್ಲಿ ಫೋನ್ ಕಂಪನಿ ಬದಲಿಸುವ ಮುನ್ನ

ನಮ್ಮ ಕನ್ನಡ ಕೂಟದ ಪಾಟ್‌ಲಕ್ ಊಟಕ್ಕೆ ಹೊಸ ಕುಟುಂಬ ಬಂದರೆ ಮೊದಲ ಪ್ರಶ್ನೆ ಒಳ್ಳೆ ತೊಗರಿಬೇಳೆ ಎಲ್ಲಿ ಸಿಗುತ್ತದೆ ಅಂತ. ಎರಡನೆಯದು ಯಾವ ಫೋನ್ ಕಂಪನಿ ಒಳ್ಳೆಯದು ಅಂತ. ಮೊದಲನೆಯದಕ್ಕೆ ಎಲ್ಲರೂ ಒಂದೇ ಅಂಗಡಿ ತೋರಿಸುತ್ತಾರೆ. ಎರಡನೆಯದಕ್ಕೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ತಮಾಷೆ ಏನೆಂದರೆ ಹತ್ತು ಜನ ಹೇಳುವುದೂ ನಿಜವೇ.

ಯಾಕೆಂದರೆ ಇದು ಗುಡ್ಡದ ಊರು. ಸಕಲೇಶಪುರ, ಮಡಿಕೇರಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ರಸ್ತೆಯಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಇರುತ್ತದೆ, ಅದೇ ರಸ್ತೆ ಇಳಿದು ತಿರುಗಿದರೆ ಒಂದೂ ಇರುವುದಿಲ್ಲ. ಮನ್ರೋವಿಲ್‌ನಲ್ಲಿರುವ ಗೆಳೆಯರಿಗೆ ಚೆನ್ನಾಗಿ ಬರುವ ಕಂಪನಿ ಗ್ರೀನ್ ಟ್ರೀಯಲ್ಲಿರುವ ನಿಮ್ಮ ಅಡುಗೆಮನೆಯಲ್ಲಿ ಕೈಕೊಡಬಹುದು. ಹಾಗಾಗಿ "ಯಾವುದು ಒಳ್ಳೆಯದು" ಅಂತ ಕೇಳುವುದಕ್ಕಿಂತ "ನನ್ನ ಮನೆಗೆ ಯಾವುದು ಬರುತ್ತದೆ" ಅಂತ ಹುಡುಕಿ.

ಮೊದಲು ಟವರ್, ಆಮೇಲೆ ಪ್ಲಾನ್

ಜಾಹೀರಾತಿನಲ್ಲಿ ಹತ್ತಾರು ಕಂಪನಿಗಳ ಹೆಸರು ಕಾಣುತ್ತದೆ. ಆದರೆ ಅಮೆರಿಕದ ತುಂಬ ಸ್ವಂತ ಟವರ್ ಜಾಲ ಹರಡಿಕೊಂಡಿರುವ ದೊಡ್ಡವರು ಮೂವರೇ: ವೆರೈಜನ್, ಎಟಿ ಅಂಡ್ ಟಿ, ಟಿ-ಮೊಬೈಲ್. ನಾಲ್ಕನೆಯದಾಗಿದ್ದ ಸ್ಪ್ರಿಂಟ್ 2020ರ ಏಪ್ರಿಲ್‌ನಲ್ಲಿ ಟಿ-ಮೊಬೈಲ್ ಜೊತೆ ಸೇರಿಹೋಯಿತು. ನಿಮ್ಮ ಕಣ್ಣಿಗೆ ಬೀಳುವ ಅಗ್ಗದ ಕಂಪನಿಗಳೆಲ್ಲ ಹೆಚ್ಚುಕಡಿಮೆ ಈ ಮೂವರ ಜಾಲದ ಮೇಲೇ ನಡೆಯುತ್ತವೆ. ಮಿಂಟ್ ಓಡುವುದು ಟಿ-ಮೊಬೈಲ್ ಜಾಲದಲ್ಲಿ. 2024ರ ಮೇ ತಿಂಗಳಿಂದ ಅದರ ಮಾಲೀಕರೂ ಅವರೇ. ವಿಸಿಬಲ್ ಅಂದರೆ ವೆರೈಜನ್. ಕ್ರಿಕೆಟ್ ಅಂದರೆ ಎಟಿ ಅಂಡ್ ಟಿ. ಮನೆಗೆ ಎಕ್ಸ್‌ಫಿನಿಟಿ ಇಂಟರ್‌ನೆಟ್ ಹಾಕಿಸಿಕೊಂಡವರಿಗೆ ಸಿಗುವ ಎಕ್ಸ್‌ಫಿನಿಟಿ ಮೊಬೈಲ್ ಕೂಡ ವೆರೈಜನ್ ಟವರನ್ನೇ ಬಳಸುತ್ತದೆ.

ಅಂದರೆ ಮನೆಯಲ್ಲಿ ವೆರೈಜನ್ ಸಿಗ್ನಲ್ ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ವೆರೈಜನ್‌ಗೇ ಪೂರ್ತಿ ದುಡ್ಡು ಕಟ್ಟಬೇಕು ಅಂತೇನಿಲ್ಲ, ಅಲ್ವಾ?

ಸಿಗ್ನಲ್ ನೋಡುವುದು ಹೇಗೆ? ಎಫ್‌ಸಿಸಿ ಅಂತ ಫೋನ್ ಕಂಪನಿಗಳಿಗೆ ನಿಯಮ ಹಾಕುವ ಒಂದು ಸರ್ಕಾರಿ ಸಂಸ್ಥೆ ಇದೆ, ನಮ್ಮ ಟ್ರಾಯ್ ಇದ್ದ ಹಾಗೆ. ಅವರ ಬ್ರಾಡ್‌ಬ್ಯಾಂಡ್ ಮ್ಯಾಪಿನಲ್ಲಿ ನಿಮ್ಮ ವಿಳಾಸ ಹಾಕಿದರೆ ಮೊಬೈಲ್ ಕವರೇಜ್ ಕೂಡ ಕಾಣುತ್ತದೆ. ಆದರೆ ಅದು ತೋರಿಸುವುದು ಮನೆಯ ಹೊರಗಿನ ಮತ್ತು ಓಡುವ ಕಾರಿನ ಒಳಗಿನ ಲೆಕ್ಕ. ನಮಗೆ ಬೇಕಾಗಿರುವುದು ಬೇಸ್‌ಮೆಂಟಿನ ವಾಷಿಂಗ್ ಮಷೀನ್ ಪಕ್ಕದ್ದು.

ಅದಕ್ಕೆ ನಾವು ಹೇಳುವ ಉಪಾಯ ಇ-ಸಿಮ್ ಟ್ರಯಲ್. ಇ-ಸಿಮ್ ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಕೆಲವು ಕಂಪನಿಗಳು ಸ್ವಲ್ಪ ದಿನಕ್ಕೆ ಬಿಟ್ಟಿ ಇ-ಸಿಮ್ ಕೊಡುತ್ತವೆ. ನಿಮ್ಮ ಈಗಿನ ನಂಬರ್ ಹಾಗೇ ಇರುತ್ತದೆ, ಎರಡನೇ ಲೈನ್ ಆಗಿ ಹೊಸದು ಕೂರುತ್ತದೆ. ಒಂದು ವಾರ ಡೇಟಾವನ್ನು ಹೊಸದರ ಮೇಲೆ ಹಾಕಿಕೊಂಡು ಸುಮ್ನೆ ಎಂದಿನ ಹಾಗೆ ಓಡಾಡಿ. ಮಕ್ಕಳ ಸ್ಕೂಲ್ ಬಸ್ ನಿಲ್ಲುವ ಜಾಗ, ಆಫೀಸಿನ ಲಿಫ್ಟ್ ಪಕ್ಕ, ದಿನಸಿ ಅಂಗಡಿಯ ಒಳಗಡೆ, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದ ಪಾರ್ಕಿಂಗ್, ಎಲ್ಲ ಕಡೆ ನೋಡಿ. ಕಡ್ಡಿ ಎಣಿಸಿ ಸುಮ್ಮನಾಗಬೇಡಿ. ಒಂದು ಕಾಲ್ ಮಾಡಿ, ಒಂದು ವೀಡಿಯೊ ಹಾಕಿ. ಫೋನ್ ಒಂದೇ ಕಂಪನಿಯ ಸಿಮ್ ಹಿಡಿಯುವ ಹಾಗೆ ಲಾಕ್ ಆಗಿದ್ದರೆ ಟ್ರಯಲ್ ನಡೆಯುವುದಿಲ್ಲ, ಆ ವಿಷಯ ಮುಂದೆ ಬರುತ್ತದೆ.

ಒಂದು ಮಾತು. ಫಾಲಿಂಗ್‌ವಾಟರ್ ಮನೆ ನೋಡಲಿಕ್ಕೋ ಒಹಾಯೋಪೈಲ್‌ಗೋ ಹೋದಾಗ ಸಿಗ್ನಲ್ ಇಲ್ಲ ಅಂತ ಕಂಪನಿ ಬದಲಿಸಬೇಡಿ. ಆ ಕಡೆ ಹೋಗುವ ಮುನ್ನ ಮ್ಯಾಪನ್ನು ಫೋನಿಗೆ ಇಳಿಸಿಕೊಂಡರೆ ಸಾಕು. ಇನ್ನೂ ದಕ್ಷಿಣಕ್ಕೆ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ಕಡೆ ಹೋದರಂತೂ ಬೇಕಂತಲೇ ಸಿಗ್ನಲ್ ತಡೆದಿರುತ್ತಾರೆ. ಅಲ್ಲಿ ದೊಡ್ಡ ರೇಡಿಯೊ ಟೆಲಿಸ್ಕೋಪ್ ಇದೆ. 1958ರಿಂದ ಸುತ್ತಲಿನ ಸುಮಾರು 13,000 ಚದರ ಮೈಲಿ ಜಾಗದಲ್ಲಿ ರೇಡಿಯೊ ಗದ್ದಲಕ್ಕೆ ಕಡಿವಾಣ ಹಾಕಿದ್ದಾರೆ. ಮಕ್ಕಳಿಗೆ ಫೋನಿಲ್ಲದೆ ಒಂದು ದಿನ ಹೇಗಿರುತ್ತದೆ ಅಂತ ತೋರಿಸಬೇಕಾದರೆ ಒಳ್ಳೆ ಜಾಗ.

ಊರಿಂದ ತಂದ ಫೋನ್

ಬೆಂಗಳೂರಿನಲ್ಲಿ ಕೊಂಡ ಫೋನನ್ನೇ ಇಲ್ಲೂ ಬಳಸುವ ಆಸೆ ಎಲ್ಲರಿಗೂ ಇರುತ್ತದೆ. ಅನ್‌ಲಾಕ್ ಆಗಿರುತ್ತದೆ, ಎರಡು ಸಿಮ್ ಹಿಡಿಯುತ್ತದೆ. ಆದರೆ ಇಲ್ಲಿ ಒಂದು ಮೋಸವಿದೆ. 2022ರಲ್ಲಿ ಮೂರೂ ಕಂಪನಿಗಳು ತಮ್ಮ 3ಜಿ ಜಾಲ ಮುಚ್ಚಿದವು. ಈಗ ಮಾಮೂಲಿ ಕಾಲ್ ಹೋಗಬೇಕಾದರೂ 4ಜಿ ಮೇಲೆ ಮಾತು ಸಾಗಿಸುವ ವೋಲ್ಟಿ ಬೇಕು. ಅದೂ ಆ ಕಂಪನಿ ನಿಮ್ಮ ಮಾಡೆಲನ್ನು ಒಪ್ಪಿರಬೇಕು. ಒಪ್ಪದಿದ್ದರೆ ವಾಟ್ಸ್ಆ್ಯಪ್ ಓಡುತ್ತದೆ, ಯೂಟ್ಯೂಬ್ ಓಡುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ. ಎಲ್ಲ ಸರಿ ಇದೆ ಅಂದುಕೊಂಡು ತಿಂಗಳುಗಟ್ಟಲೆ ಇದ್ದು, ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕಾದ ದಿನ ಇದು ಗೊತ್ತಾಗುವುದು ಬೇಡ.

ಇನ್ನೊಂದು, ಬ್ಯಾಂಡ್, ಅಂದರೆ ಸಿಗ್ನಲ್ ಸಾಗುವ ರೇಡಿಯೊ ತರಂಗದ ಪಟ್ಟಿ. ಟಿ-ಮೊಬೈಲ್‌ನ ದೂರ ಹೋಗುವ, ಗೋಡೆ ತೂರುವ ಸಿಗ್ನಲ್ ಬ್ಯಾಂಡ್ 71ರಲ್ಲಿ ಬರುತ್ತದೆ, ವೆರೈಜನ್‌ನದು ಬ್ಯಾಂಡ್ 13ರಲ್ಲಿ. ಭಾರತಕ್ಕೆಂದು ಮಾಡಿದ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಇವು ಇರುವುದಿಲ್ಲ. ಆಗ ಟವರ್ ಪಕ್ಕದಲ್ಲಿ ಚೆನ್ನಾಗಿ ಬಂದು, ಮನೆಯೊಳಗೆ ಕಾಲಿಟ್ಟ ಕೂಡಲೇ ಸತ್ತುಹೋಗುತ್ತದೆ. ಬೈಯಬೇಕಾದದ್ದು ಫೋನನ್ನು, ಬೈಗುಳ ತಿನ್ನುವುದು ಕಂಪನಿ. *#06# ಒತ್ತಿದರೆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಬರುತ್ತದೆ. ಸೇರಬೇಕೆಂದಿರುವ ಕಂಪನಿಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ನಿಮ್ಮ ಫೋನ್ ನಡೆಯುತ್ತದೋ ಇಲ್ಲವೋ ಹೇಳುತ್ತಾರೆ. ದುಡ್ಡು ಕಟ್ಟುವ ಮೊದಲು ಇದನ್ನು ಮಾಡಿ.

ದುಡ್ಡಿನ ಲೆಕ್ಕ

ಹೊಸಬರಿಗೆ ಕ್ರೆಡಿಟ್ ಹಿಸ್ಟರಿ, ಅಂದರೆ ಇಲ್ಲಿ ಸಾಲ ತೆಗೆದು ತೀರಿಸಿದ ದಾಖಲೆ, ಇರುವುದಿಲ್ಲ. ಪೋಸ್ಟ್‌ಪೇಯ್ಡ್ ಕೇಳಿದರೆ ಡೆಪಾಸಿಟ್ ಕೇಳಬಹುದು. ಪ್ರೀಪೇಯ್ಡ್‌ಗೆ ಆ ತಲೆನೋವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಒಂದು ವರ್ಷ ಪ್ರೀಪೇಯ್ಡ್‌ನಲ್ಲೇ ಇರಿ. ಮನೆ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ, ಯಾರ ಹಂಗೂ ಬೇಡ.

ಜಾಹೀರಾತಿನ ದರ ನೋಡುವಾಗ ಮೂರು ವಿಷಯ ಕೇಳಿ. ತೆರಿಗೆ ಸೇರಿದೆಯೋ ಇಲ್ಲವೋ. ಆ ದರ ಎಷ್ಟು ತಿಂಗಳಿಗೆ. ಆಟೋಪೇ ಹಾಕದಿದ್ದರೆ ಎಷ್ಟು. "ನಾಲ್ಕು ಲೈನಿಗೆ ತಲಾ ಇಷ್ಟು" ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ಗಂಡ ಹೆಂಡತಿ ಇಬ್ಬರೇ ಇದ್ದರೆ ಆ ದರ ನಿಮ್ಮದಲ್ಲ. ದೊಡ್ಡ ಕಂಪನಿಗಳು ಪ್ರತಿ ಪ್ಲಾನಿಗೂ ಬಿಸ್ಕತ್ ಪ್ಯಾಕೆಟ್ಟಿನ ಹಿಂದಿರುವಂಥ ಒಂದು ಚೌಕದ ಪಟ್ಟಿ ಕೊಡಲೇಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮವಿದೆ. ತಿಂಗಳ ದರ, ಇತರ ಶುಲ್ಕ, ಎಷ್ಟು ಡೇಟಾ ಆದ ಮೇಲೆ ವೇಗ ಕಮ್ಮಿಯಾಗುತ್ತದೆ, ಎಲ್ಲ ಅದರಲ್ಲಿರುತ್ತದೆ. ಹುಡುಗಿ ನಗುತ್ತಿರುವ ಫೋಟೊ ಬಿಟ್ಟು ಆ ಚೌಕ ಓದಿ.

ಅಗ್ಗದ ಕಂಪನಿಯಲ್ಲಿ ಏನು ಕಮ್ಮಿ? ಜನ ಜಾಸ್ತಿ ಸೇರಿದ ಕಡೆ ಟವರ್ ಮೊದಲು ತನ್ನ ದುಬಾರಿ ಗಿರಾಕಿಗಳನ್ನು ನೋಡಿಕೊಳ್ಳುತ್ತದೆ, ಆಮೇಲೆ ನಮ್ಮನ್ನು. ಇಲ್ಲಿನ ಫುಟ್‌ಬಾಲ್ ತಂಡ ಸ್ಟೀಲರ್ಸ್ ಆಟದ ದಿನ ಸ್ಟೇಡಿಯಂ ಹತ್ತಿರ ಒಂದು ಫೋಟೊ ಕಳಿಸಲು ಹೋಗಿ ನೋಡಿ, ಅರ್ಥವಾಗುತ್ತದೆ. ವರ್ಷಕ್ಕೆ ನಾಲ್ಕು ದಿನ ಆಗುವ ಕಷ್ಟಕ್ಕೆ ತಿಂಗಳು ತಿಂಗಳೂ ಎರಡು ಪಟ್ಟು ಕಟ್ಟಬೇಕೇ ಅನ್ನುವುದು ನಿಮಗೆ ಬಿಟ್ಟದ್ದು. ನಮ್ಮ ಮನೆಯಲ್ಲಿ ಎರಡು ಲೈನಿಗೆ ತೆರಿಗೆ ಸೇರಿ 140 ಡಾಲರ್ ಕಟ್ಟುತ್ತಿದ್ದೆವು. ಈಗ 50. ಟವರ್ ಅದೇ.

"ಫೋನ್ ಫ್ರೀ" ಅನ್ನುವುದರ ಬಗ್ಗೆ ಹುಷಾರು. ಫೋನಿನ ಬೆಲೆಯನ್ನು 24 ಅಥವಾ 36 ತಿಂಗಳಿಗೆ ಹಂಚಿ, ಪ್ರತಿ ತಿಂಗಳ ಬಿಲ್ಲಿನಲ್ಲಿ ಅಷ್ಟಷ್ಟೇ ವಾಪಸ್ ಹಾಕುತ್ತಾರೆ. ಮಧ್ಯದಲ್ಲಿ ಬಿಟ್ಟರೆ ವಾಪಸ್ ಬರುವುದು ನಿಲ್ಲುತ್ತದೆ, ಉಳಿದ ಬೆಲೆ ಒಟ್ಟಿಗೆ ಮೈಮೇಲೆ ಬರುತ್ತದೆ. ಅಲ್ಲಿಯವರೆಗೆ ಫೋನ್ ಲಾಕ್ ಆಗಿಯೂ ಇರಬಹುದು. ವೀಸಾ ಮೇಲೆ ಬಂದವರು ಮೂರು ವರ್ಷ ಇದೇ ಊರಲ್ಲಿ, ಇದೇ ದೇಶದಲ್ಲಿ ಇರುತ್ತೇವೆ ಅಂತ ಹೇಳಲಾಗುವುದಿಲ್ಲ.

ನಂಬರ್ ಸಮೇತ ದಾಟುವುದು

ಇದೊಂದು ಭಾಗವನ್ನಾದರೂ ಪೂರ್ತಿ ಓದಿ. ನಾನು ಪೆದ್ದನಾದದ್ದು ಇಲ್ಲೇ.

ಊರಲ್ಲಿ 1900ಕ್ಕೆ ಪೋರ್ಟ್ ಅಂತ ಮೆಸೇಜ್ ಕಳಿಸಿ ಕೋಡ್ ತರಿಸಿಕೊಂಡ ಅಭ್ಯಾಸ ನಮಗಿದೆ. ಇಲ್ಲಿಯೂ 2003ರ ನವೆಂಬರ್‌ನಿಂದ ಮೊಬೈಲ್ ನಂಬರ್ ಜೊತೆಗೇ ಕಂಪನಿ ಬದಲಿಸಬಹುದು. ರೀತಿ ಸ್ವಲ್ಪ ಬೇರೆ. ನಾನು ಮೊದಲ ಸಲ ಬದಲಿಸುವಾಗ ಹಳೆಯ ಕಂಪನಿಗೆ ಫೋನ್ ಮಾಡಿ, ಬಾಕಿ ಕಟ್ಟಿ, ಮರ್ಯಾದೆಯಿಂದ ಲೈನ್ ಕ್ಯಾನ್ಸಲ್ ಮಾಡಿಸಿದೆ. ಆಮೇಲೆ ಹೊಸ ಕಂಪನಿಗೆ ಹೋಗಿ ಇದು ನನ್ನ ನಂಬರ್ ಅಂದೆ. ಈ ನಂಬರ್ ಈಗ ಯಾರದ್ದೂ ಅಲ್ಲ ಅಂದರು. ಈ ಊರಿನ ಕೋಡ್ 412ರಿಂದ ಶುರುವಾಗುವ ಒಳ್ಳೆ ನಂಬರ್. ಬ್ಯಾಂಕಿನ ಓಟಿಪಿ ಅದಕ್ಕೇ ಬರುತ್ತಿತ್ತು. ಖಾತೆಗೆ ಹೊಸ ನಂಬರ್ ಸೇರಿಸಲಿಕ್ಕೆ ಹೋದರೆ ಹಳೆಯ ನಂಬರಿಗೆ ಓಟಿಪಿ ಕಳಿಸಿದ್ದೇವೆ ಅನ್ನುತ್ತಿತ್ತು. ಪಾಸ್‌ಪೋರ್ಟ್ ಹಿಡಿದು ಬ್ರಾಂಚಿಗೆ ಅಲೆದು ಸರಿ ಮಾಡಿಸಿಕೊಳ್ಳುವಷ್ಟರಲ್ಲಿ ಎರಡು ವಾರ ಹೋಯಿತು.

ಆದ್ದರಿಂದ ಹಳೆಯ ಲೈನನ್ನು ನೀವಾಗಿ ಕ್ಯಾನ್ಸಲ್ ಮಾಡಬೇಡಿ. ನಂಬರ್ ದಾಟಿದ ಕೂಡಲೇ ಆ ಲೈನ್ ತಾನೇ ಮುಚ್ಚಿಕೊಳ್ಳುತ್ತದೆ.

ಹೊಸ ಕಂಪನಿ ಕೇಳುವುದು ಹಳೆಯ ಕಂಪನಿಯ ಅಕೌಂಟ್ ನಂಬರ್, ಬಿಲ್ಲಿನಲ್ಲಿರುವ ಜಿಪ್ ಕೋಡ್ ಮತ್ತು ಟ್ರಾನ್ಸ್‌ಫರ್ ಪಿನ್. ಅಕೌಂಟ್ ನಂಬರ್ ಅಂದರೆ ಫೋನ್ ನಂಬರ್ ಅಲ್ಲ. ಟ್ರಾನ್ಸ್‌ಫರ್ ಪಿನ್ ಅಂದರೆ ನೀವು ಲಾಗಿನ್ ಆಗುವ ಪಿನ್ ಅಲ್ಲ. ಪೋರ್ಟ್ ಸೋಲುವುದು ಹೆಚ್ಚಾಗಿ ಈ ಎರಡು ಗೊಂದಲದಿಂದಲೇ. ಪಿನ್ ಹಳೆಯ ಕಂಪನಿಯ ಆ್ಯಪಿನಲ್ಲಿ ಸಿಗುತ್ತದೆ. ಕೆಲವು ದಿನಕ್ಕೆ ಅವಧಿ ಮುಗಿಯುತ್ತದೆ, ಹಾಗಾಗಿ ಬದಲಿಸುವ ದಿನವೇ ತೆಗೆದುಕೊಳ್ಳಿ. ಕಳ್ಳರು ನಂಬರ್ ಕದಿಯದಿರಲಿ ಅಂತ ನಂಬರ್ ಲಾಕ್ ಹಾಕಿಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ. ದಾಟಿದ ಮೇಲೆ ಹೊಸ ಕಡೆ ಮತ್ತೆ ಹಾಕಿಕೊಳ್ಳಿ.

ಬಾಕಿ ಇದೆ ಅಂತ ಹಳೆಯ ಕಂಪನಿ ನಂಬರನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ಎಫ್‌ಸಿಸಿ ನಿಯಮ ಹಾಗಿದೆ. ಬಾಕಿ ನೀವು ಕಟ್ಟಲೇಬೇಕು, ಅದು ಬೇರೆ ಮಾತು. ಮಾಮೂಲಿ ಪೋರ್ಟ್ ಒಂದು ಕೆಲಸದ ದಿನದೊಳಗೆ ಮುಗಿಯಬೇಕು. ಎಷ್ಟೋ ಸಲ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗಿರುತ್ತದೆ. ಮೆಸೇಜುಗಳು ಸರಿಯಾಗಲು ಮಾತ್ರ ಇನ್ನಷ್ಟು ಹೊತ್ತು ಹಿಡಿಯಬಹುದು. ಅದಕ್ಕೇ ಬ್ಯಾಂಕ್ ಕೆಲಸ, ಟಿಕೆಟ್ ಬುಕಿಂಗ್ ಇರುವ ದಿನ ಬೇಡ. ಶುಕ್ರವಾರ ಸಂಜೆಯೂ ಬೇಡ, ಸಿಕ್ಕಿಹಾಕಿಕೊಂಡರೆ ಸೋಮವಾರದವರೆಗೆ ಕಾಯಬೇಕಾದೀತು. ಮಂಗಳವಾರ ಬೆಳಿಗ್ಗೆ ಮಾಡಿ. ಮಂಗಳವಾರ ಒಳ್ಳೆ ಕೆಲಸ ಬೇಡ ಅನ್ನುವ ಅಜ್ಜಿ ಮನೆಯಲ್ಲಿದ್ದರೆ ಬುಧವಾರ.

ಹೊಸ ಲೈನ್ ಬಂದ ಮೇಲೆ ವೈಫೈ ಕಾಲಿಂಗ್ ಹಾಕಿಕೊಳ್ಳಿ, ಬೇಸ್‌ಮೆಂಟಿನ ಕಷ್ಟ ಅರ್ಧ ಕಳೆಯುತ್ತದೆ. ಅದು ಕೇಳುವ ತುರ್ತು ವಿಳಾಸದಲ್ಲಿ ಈಗಿನ ಮನೆಯ ವಿಳಾಸವನ್ನೇ ಹಾಕಿ. ಮನೆ ಬದಲಿಸಿದಾಗ ಅದನ್ನೂ ಬದಲಿಸಿ.

ಊರಿನ ನಂಬರ್

ವಾಟ್ಸ್ಆ್ಯಪನ್ನು ಊರಿನ ನಂಬರಿನಲ್ಲೇ ಮುಂದುವರಿಸಬಹುದು, ಇಲ್ಲಿ ಕಂಪನಿ ಬದಲಿಸಿದರೆ ಅದಕ್ಕೇನೂ ಆಗುವುದಿಲ್ಲ. ಆದರೆ ಊರಿನ ಸಿಮ್ಮಿಗೆ ಜೀವ ಇರಬೇಕು. ಆಧಾರ್ ಓಟಿಪಿ ಅದಕ್ಕೇ ಬರುವುದು. ರೀಚಾರ್ಜ್ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ರೋಮಿಂಗ್ ಆನ್ ಇದೆಯೋ ನೋಡಿಕೊಳ್ಳಿ, ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ಆಮೇಲಿನವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಇಲ್ಲಿ ಹೊಸ ಐಫೋನ್ ಕೊಳ್ಳುವ ಯೋಚನೆ ಇದ್ದರೆ ಊರಿಗೆ ಹೋದಾಗಲೇ ಸಿಮ್ಮನ್ನು ಇ-ಸಿಮ್ ಮಾಡಿಸಿಕೊಂಡು ಬನ್ನಿ.

ನಾಲ್ಕೈದು ಸ್ನೇಹಿತರು ಸೇರಿ ಒಂದೇ ಫ್ಯಾಮಿಲಿ ಪ್ಲಾನ್ ತೆಗೆದುಕೊಳ್ಳುವುದು ಇಲ್ಲಿ ಮಾಮೂಲು, ಓದಲು ಬಂದ ಮಕ್ಕಳಲ್ಲಂತೂ ಜಾಸ್ತಿ. ಉಳಿತಾಯ ನಿಜ. ಆದರೆ ಕಾಗದದ ಮೇಲೆ ಎಲ್ಲ ನಂಬರೂ ಅಕೌಂಟ್ ಯಾರ ಹೆಸರಲ್ಲಿದೆಯೋ ಅವರದ್ದು. ಅವರ ಕೈಯಿಂದ ಪಿನ್ ಸಿಗದೆ ನೀವು ಹೊರಗೆ ಬರಲಾಗುವುದಿಲ್ಲ. ಅವರು ಊರು ಬಿಡುವ ಸುದ್ದಿ ಕಿವಿಗೆ ಬಿದ್ದ ದಿನವೇ ಪಿನ್ ಕೇಳಿ, ಸಂಕೋಚ ಬೇಡ.

ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಿದ್ದರೆ ಮೂರು ತಿಂಗಳಿಗೊಮ್ಮೆ ಕಟ್ಟುವ ಪ್ರೀಪೇಯ್ಡ್ ಎರಡು ಸಲ ಹಾಕಿಸಿದರೆ ಆಯಿತು. ಅವರ ಫೋನಿನ ಐಎಂಇಐ ಊರಿಂದ ಹೊರಡುವ ಮೊದಲೇ ತರಿಸಿಕೊಂಡು ನೋಡಿಬಿಡಿ.

ನೀವೇ ಊರಿಗೆ ವಾಪಸ್ ಹೊರಟಿದ್ದು, ಇಲ್ಲಿನ ನಂಬರ್ ಬಿಡಲು ಮನಸ್ಸಿಲ್ಲದಿದ್ದರೆ ಅದನ್ನು ಇಂಟರ್‌ನೆಟ್ ಮೇಲೆ ನಡೆಯುವ ಫೋನ್ ಸೇವೆಯಾದ ಗೂಗಲ್ ವಾಯ್ಸ್‌ಗೆ ಪೋರ್ಟ್ ಮಾಡಿಸಬಹುದು. ಒಂದು ಸಲಕ್ಕೆ 20 ಡಾಲರ್, ತಿಂಗಳ ಬಾಡಿಗೆ ಇಲ್ಲ. ಕೆಲವು ಬ್ಯಾಂಕುಗಳು ಇಂಥ ನಂಬರಿಗೆ ಓಟಿಪಿ ಕಳಿಸುವುದಿಲ್ಲ, ಹಾಗಾಗಿ ವಿಮಾನ ಹತ್ತುವುದಕ್ಕೆ ಎರಡು ವಾರ ಮೊದಲೇ ದಾಟಿಸಿ, ಒಂದೊಂದು ಖಾತೆಗೂ ಲಾಗಿನ್ ಆಗಿ ನೋಡಿಕೊಳ್ಳಿ.